ಕೆಲಸವಿಲ್ಲದ ಪೈಪು

“ಪ್ರಹ್ಲಾದಾ, ನಿನ್ನ ತೊಟ್ಟಿ ಮತ್ತ ನನ್ನ ಜಪ ನುಂಗಿತು ನೋಡು.”

ಮುಕ್ತಾಬಾಯಿ ಅಜ್ಜಿ ಜಪಮಾಲೆ ಹಿಡಿದ ಕೈಯನ್ನು ಮಡಿಲಲ್ಲಿಟ್ಟು ಪಡಸಾಲೆಯ ಮೂಲೆಯತ್ತ ನೋಡಿದರು. ಅಲ್ಲಿ ಮೀನಿನ ಗಾಜಿನ ತೊಟ್ಟಿ ಗೊಡಗೊಡ, ಗೊರಗೊರ ಎನ್ನುತ್ತಿತ್ತು. ಹೊಟ್ಟೆ ತುಂಬ ಉಂಡು ಮಲಗಿದವರ ಗೊರಕೆಯೂ ಅಷ್ಟು ಜೋರಾಗಿರುವುದಿಲ್ಲ.

“ಎಲ್ಲಿ ತನಕ ಎಣಿಸಿದ್ದೆ, ಮರ್ತೇ ಹೋತು. ಗುರುವಾರ ವಾಸುದೇವ ಬರ್ತಾನ. ಕೊಡ ತಗೊಂಡು ಬಾ ಅಂತ ಹೇಳಿ ಕಳಿಸೀನಿ. ನಿನ್ನ ಮೀನ ಕಮಲಾಪುರದ ಬಾವ್ಯಾಗ ಆರಾಮ ಇರ್ತಾವ. ನಾನೂ ಆರಾಮ ಇರ್ತೀನಿ.”

ವಾಸುದೇವ ಅಂದರೆ ಪ್ರಹ್ಲಾದನ ಕಾಕಾ. ಕಮಲಾಪುರದಲ್ಲಿ ಅವರದೊಂದು ಬಾಳೆಯ ತೋಟ, ತೋಟದಲ್ಲಿ ದೊಡ್ಡ ಬಾವಿ. ಆ ಬಾವಿಗೆ ಇಳಿದ ಮೀನು ಮತ್ತೆ ಕಣ್ಣಿಗೆ ಬೀಳುವುದುಂಟೆ? ಪ್ರಹ್ಲಾದನಿಗೆ ಅಳುವೇ ಬಂತು. ಅಜ್ಜಿ ಸುಮ್ಮನೆ ಬಾಯಿಮಾತಿಗೆ ಹೇಳುವವರಲ್ಲ.

ತಪ್ಪು ಮೀನುಗಳದ್ದಲ್ಲ, ಐದನೇ ತರಗತಿಯ ಎಂಜಿನಿಯರ್ ಸಾಹೇಬರದ್ದು, ಅಂದರೆ ಪ್ರಹ್ಲಾದನದು. ತೊಟ್ಟಿಯಲ್ಲಿ ಹೆಚ್ಚಾದ ನೀರು ಒಂದು ಪೈಪಿನಿಂದ ಕೆಳಗಿನ ಬಕೆಟ್ಟಿಗೆ ಇಳಿಯಬೇಕು. ಬಕೆಟ್ಟಿನ ಸ್ಪಂಜಿನಲ್ಲಿ ಸೋಸಿದ ನೀರನ್ನು ಕೂಲರಿನ ಹಳೆಯ ಪಂಪು ಮತ್ತೆ ಮೇಲಕ್ಕೆ ಕಳಿಸಬೇಕು. ಪ್ಲ್ಯಾನೂ ಅವನದೇ. ಸಾಹೇಬರು ಅದನ್ನು ಕಾಗದದ ಮೇಲೆ ಬಹಳ ಚಂದ ಬರೆದಿದ್ದರು. ಕಾಗದದ ಮೇಲಿನ ಪೈಪು ಗೊರಕೆ ಹೊಡೆಯುವುದಿಲ್ಲವಲ್ಲ.

ಸಂಜೆ ಪಕ್ಕದ ಮನೆಯ ಫರೀದಾ ಬಂದಳು. ಇಬ್ಬರೂ ಒಂದೇ ಕ್ಲಾಸು. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಇಬ್ಬರೂ ಪೈಪಿಗೆ ಕಿವಿ ಕೊಟ್ಟರು.

“ನೀರಿನ ಸಂಗಡ ಗಾಳಿನೂ ಒಳಗ ಹೋಗಾಕತ್ತದ,” ಎಂದಳು ಫರೀದಾ. “ಅದಕ್ಕ ಹಿಂಗ ಒದರ್ತದ.”

ಪ್ರಹ್ಲಾದ ಪೈಪಿನ ಕೆಳಗಿದ್ದ ವಾಲ್ವನ್ನು ಇಷ್ಟಿಷ್ಟೇ ತಿರುಗಿಸಿದ. ನೀರು ಇಳಿಯುವುದು ನಿಧಾನವಾಯಿತು. ತೊಟ್ಟಿಯಲ್ಲಿ ನೀರು ತುಸು ಏರಿ, ಪೈಪಿನ ಬಾಯಿ ಮುಳುಗಿತು. ಗಾಳಿಗೆ ದಾರಿ ಇಲ್ಲದಂತಾಯಿತು. ಸದ್ದು ನಿಂತೇಬಿಟ್ಟಿತು, ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳುವಷ್ಟು.

“ಆದ್ರ ಇಷ್ಟು ಬಿಗಿ ಮಾಡಿದ್ರ, ಏನರ ಸಿಕ್ಕೊಂಡು ಪೂರಾ ಬಂದ್ ಆಗ್ತದ,” ಎಂದಳು ಫರೀದಾ. “ಇನ್ನೊಂದ್ ಪೈಪ್ ಹಾಕು. ಇದಕ್ಕಿಂತ ಸ್ವಲ್ಪ ಮ್ಯಾಲ.”

“ಅದರ ಕೆಲಸ ಏನು?”

“ಏನೂ ಇಲ್ಲ. ಸುಮ್ನ ನಿಂದ್ರೋದು. ಕೆಳಗಿಂದು ಬಂದ್ ಆದ ದಿನ ಮಾತ್ರ ನೀರು ಇದರಾಗಿಂದ ಹೋಗ್ತದ. ನಮ್ಮ ಮಾಳಗಿ ಮ್ಯಾಲಿನ ನೀರಿನ ಟಾಕಿಗೂ ಅಂಥದ್ದೊಂದು ಅದ.”

ಮರುದಿನ ಅಪ್ಪ ಸ್ಟೇಶನ್ ಬಜಾರದ ಗಾಜಿನ ಅಂಗಡಿಯಿಂದ ಒಬ್ಬರನ್ನು ಕರೆಸಿ, ಹಿಂದಿನ ಗಾಜಿಗೆ ಇನ್ನೊಂದು ತೂತು ಹಾಕಿಸಿಕೊಟ್ಟರು. ಎರಡನೇ ಪೈಪು ಗೋಡೆ ದಾಟಿ ಬಚ್ಚಲಿಗೆ ಹೋಯಿತು. ಅದರ ಬಾಯಿ ನೀರಿಗಿಂತ ಮೇಲೆ, ಒಣಗಿಕೊಂಡೇ ಇತ್ತು.

ಅಜ್ಜಿ ಅಂದು ಪೂರ್ತಿ ಜಪ ಮುಗಿಸಿದರು. “ಗುರುವಾರದ ತನಕಾ ಹಿಂಗೇ ಸುಮ್ನಿದ್ರ, ಮೀನ ಇಲ್ಲೇ ಇರ್ಲಿ,” ಎಂದರು.

ಸಾಹೇಬರ ಕಾಲು ನೆಲಕ್ಕೆ ಹತ್ತಲಿಲ್ಲ. ಶಾಲೆಯಲ್ಲಿ ಕಪ್ಪು ಹಲಗೆಯ ಮೇಲೆ ತೊಟ್ಟಿ ಬರೆದು ಭಾಷಣ ಮಾಡಿದರು. ಫರೀದಾಳ ಹೆಸರು ಹೇಳಲು ಮಾತ್ರ ಯಾಕೋ ಮರೆತರು.

ಬುಧವಾರ ಸಂಜೆ ಪ್ರಹ್ಲಾದನ ಕಣ್ಣು ಆ ಎರಡನೇ ಪೈಪಿನ ಮೇಲೆ ಬಿತ್ತು. ಬಾಯಿ ತೆರೆದುಕೊಂಡು ಖಾಲಿ ನಿಂತಿದೆ. ಇನ್ನೊಂದು ತುದಿ ಬಚ್ಚಲಲ್ಲಿ. ಹಾಗಾದರೆ ಬಚ್ಚಲ ಗಾಳಿ ಪಡಸಾಲೆಗೆ ಬಂದು ಅಜ್ಜಿಯ ಮಡಿಗೆ ತಾಗುವುದಿಲ್ಲವೇ? ಅಜ್ಜಿ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ತಿಳಿದುಕೊಳ್ಳುವವನೇ ಎಂಜಿನಿಯರ್ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡು, ಹಳೆಯ ಧೋತರದ ತುಂಡನ್ನು ಉಂಡೆ ಮಾಡಿ ಪೈಪಿನ ಬಾಯಿಗೆ ತುರುಕಿದ.

ಗುರುವಾರ ಬೆಳಿಗ್ಗೆ ಅಜ್ಜಿ ಪೂಜೆ ಮುಗಿಸಿ ಜಪಕ್ಕೆ ಕೂತಿದ್ದರು. ವಾಸುದೇವ ಕಾಕಾ ಒಂದು ಕೈಯಲ್ಲಿ ಕೆಂಪು ಬಾಳೆಹಣ್ಣು, ಇನ್ನೊಂದರಲ್ಲಿ ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದರು.

“ಅವ್ವಾ, ನೀರು,” ಎಂದರು ಕಾಕಾ ಗಾಬರಿಯಾಗಿ.

ತೊಟ್ಟಿ ತುಂಬಿ ತುಳುಕುತ್ತಿತ್ತು. ಬಕೆಟ್ಟಿನ ನೀರೆಲ್ಲ ಮೇಲೇರಿ, ಗಾಜಿನಿಂದ ಇಳಿದು, ಅಜ್ಜಿಯ ಮಣೆಯ ಕೆಳಗೆ ಹರಿದಿತ್ತು. ಪ್ರಹ್ಲಾದ ಓಡಿಹೋಗಿ ಪಂಪಿನ ಸ್ವಿಚ್ಚು ಆರಿಸಿದ.

ಅಜ್ಜಿ ಎದ್ದು ನಿಂತರು. ಮಡಿಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ಮುಗೀತು. ವಾಸು, ಆ ಕೊಡ ಇತ್ಲಾಗ ತಾ.”

ಪ್ರಹ್ಲಾದ ಮೊದಲನೇ ಪೈಪಿನ ಬಾಯಿಗೆ ಬೆರಳು ಹಾಕಿದ. ಹಸಿರಾದದ್ದೇನೋ ಸಿಕ್ಕಿತು. ತುಳಸಿ ದಳ.

ಆ ಮನೆಯಲ್ಲಿ ತುಳಸಿ ಮುಟ್ಟುವವರು ಒಬ್ಬರೇ. ಸದ್ದು ನಿಂತ ಮೇಲೆ ಅಜ್ಜಿಗೆ ಮೀನುಗಳಲ್ಲಿ ಮತ್ಸ್ಯಾವತಾರ ಕಂಡಿರಬೇಕು. ಪೂಜೆಯ ದಳವೊಂದನ್ನು ಯಾರಿಗೂ ಹೇಳದೆ ನೀರಿಗೆ ಏರಿಸಿದ್ದರು.

ಮುಷ್ಟಿ ಬಿಚ್ಚಿ ತೋರಿಸಿದರೆ ಸಾಕಿತ್ತು. ಮೀನು ಉಳಿಯುತ್ತಿದ್ದವು. ಕಾಕಾನ ಮುಂದೆ ಅಜ್ಜಿಯ ಮುಖ ಸಣ್ಣದಾಗುತ್ತಿತ್ತು, ಅಷ್ಟೇ. ಪ್ರಹ್ಲಾದ ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಎರಡನೇ ಪೈಪಿನ ಅರಿವೆ ಕಣ್ಣಿಗೆ ಬಿತ್ತು.

ಎಲೆ ಇವತ್ತಲ್ಲ ನಾಳೆ ಬೀಳುವುದೇ. ಅಜ್ಜಿ ಹಾಕದಿದ್ದರೆ ತಾನೇ ಏನೋ ಬೀಳಿಸುತ್ತಿದ್ದ. ಅದಕ್ಕೆಂದೇ ಫರೀದಾ ಆ ಪೈಪು ಹಾಕಿಸಿದ್ದಳು. ಅದು ತನ್ನ ಕೆಲಸಕ್ಕೆ ತಯಾರಾಗಿಯೇ ನಿಂತಿತ್ತು. ಅದರ ಬಾಯಿ ಮುಚ್ಚಿದವರು ಯಾರು? ಸಾಹೇಬರು.

“ಅಜ್ಜಿ, ಇದರಾಗ ಅರಿವಿ ತುರುಕಿದಾಂವ ನಾನೇ,” ಎಂದ, ಒಂದು ಕೈಯಿಂದ ಎರಡನೇ ಪೈಪು ತೋರಿಸಿ. “ನಿನ್ನ ಮಡಿಗೆ ಬಚ್ಚಲ ಗಾಳಿ ಬರ್ತದಂತ.”

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ನಗಲಿಲ್ಲ. ಅವರು ಮೊಮ್ಮಗನ ಇನ್ನೊಂದು ಮುಷ್ಟಿಯನ್ನು ನೋಡುತ್ತಿದ್ದರು. ಬೆರಳ ಸಂದಿಯಿಂದ ಎಲೆಯ ತುದಿ ಹಣಕಿತ್ತು.

“ವಾಸು, ಹೋಗುವಾಗ ಕೊಡ ಖಾಲೀನ ಒಯ್ಯಿ,” ಎಂದರು ಕೊನೆಗೆ.

“ಯಾಕವ್ವಾ? ನೀನೇ ತಾ ಅಂದಿದ್ದಿ.”

“ಈಗ ಒಯ್ಯಿ ಅನ್ನಲಿಕತ್ತೀನಿ.”

ಪ್ರಹ್ಲಾದ ಎರಡನೇ ಪೈಪಿನ ಅರಿವೆ ಕಿತ್ತು ತೆಗೆದು, ಅದರಿಂದಲೇ ನೆಲ ಒರೆಸಲು ಕೂತ. ಸ್ವಲ್ಪ ಹೊತ್ತಿಗೆ ಅಜ್ಜಿಯೂ ಸೆರಗು ಸಿಕ್ಕಿಸಿಕೊಂಡು, ಇನ್ನೊಂದು ಬಟ್ಟೆ ತಂದು ಅತ್ತ ಕಡೆಯಿಂದ ಒರೆಸತೊಡಗಿದರು. ಎಲೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.