ಗಾಳಿ ನಿಂತ ಮೇಲೂ ತಿರುಗಿದ ಪಟ

ಮಗಳು ನೆತುಲಿ ಬಯಸಿದ್ದ, ಗರಗರ ತಿರುಗುವ ಗಾಳಿಪಟ ಕೊಲಂಬೊದ ಕಡಲಂಚಿನ ಗಾಲ್ ಫೇಸ್ ಬಯಲಿನಲ್ಲಿ ಕೊನೆಗೂ ಸಿಕ್ಕಿತು.

“ಗಾಳಿ ಬೇಕಾದ್ರೆ ಪುಕ್ಕಟೆ ಕೊಡ್ತೀನಿ ಅಕ್ಕಾ, ದಾರ ಮಾತ್ರ ಮುಗ್ದೋಯ್ತು,” ಎಂದ ಮಾರುವವನು.

ಹಿಂದಿನ ದಿನ ಮನೆಯಲ್ಲಿ ಭಿಕ್ಷುಗಳು ರಕ್ಷೆಗೆಂದು ಪಿರಿತ್ ಮಂತ್ರ ಪಠಿಸುವಾಗ ನೆಂಟರೆಲ್ಲ ಸಾಲಾಗಿ ಹಿಡಿದು ಕೂತಿದ್ದ ಬಿಳಿ ನೂಲು ಚೀಲದಲ್ಲಿತ್ತು. ಅದನ್ನೇ ಪಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಅವಳ ಮಣಿಕಟ್ಟಿಗೆ ಬಿಗಿದೆ.

ಆಮೇಲೆ ಗಾಳಿ ನಿಂತಿತು. ಎಲ್ಲರ ಪಟಗಳೂ ಬಿದ್ದವು. ನಮ್ಮದು ಸಮುದ್ರದ ಮೇಲೆ ಸದ್ದಿಲ್ಲದೆ ತಿರುಗುತ್ತಿತ್ತು. ನೂಲು ಒದ್ದೆಯಾಗಿ, ತಣ್ಣಗಿತ್ತು.

“ಅಮ್ಮಾ, ಆ ಕಡೇನೂ ಯಾರೋ ಹಿಡ್ಕೊಂಡಿದಾರೆ. ಎಳೀತಿದಾರೆ.”

ಅವಳ ಕಾಲು ಆಗಲೇ ನೀರಿನಲ್ಲಿತ್ತು. ನೂಲನ್ನು ಹಲ್ಲಿನಿಂದ ಕಡಿದೆ. ಪಟ ಬೀಳಲಿಲ್ಲ.

ಈಗ ನೆತುಲಿ ಮಲಗಿದ್ದಾಳೆ. ಕಿಟಕಿಗಳು ಮುಚ್ಚಿವೆ. ಮಣಿಕಟ್ಟಿನಲ್ಲಿ ಉಳಿದ ಗೇಣುದ್ದದ ನೂಲು ಸಮುದ್ರದ ಕಡೆಗೆ ನೆಟ್ಟಗೆ ನಿಂತಿದೆ.