ಅಜ್ಜಿಯ ಬಾಯಿಗೆ ಕೈ ಹಾಕಿದ್ದು ಯಾರು?

ಅಜ್ಜಿ ಭುಜ ಹಿಡಿದುಕೊಂಡು ಅಳುತ್ತಿದ್ದಳು. ಅವಳು ಆ ಕೈ ಇಳಿಸಿ ಒತ್ತಿದಾಗಲೆಲ್ಲ ತೊಡೆಯ ಮೇಲಿದ್ದ ಟ್ಯಾಬ್ ಮಾತ್ರ, "ಚೆನ್ನಾಗಿದೀನಿ... ಚೆನ್ನಾಗಿದೀನಿ..." ಅನ್ನುತ್ತಿತ್ತು.

ಹಾಸ್ಟೆಲಿನಿಂದ ಬಂದು ಬ್ಯಾಗನ್ನೂ ಇಳಿಸದ ಮೊಮ್ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

"ಏನಪ್ಪಾ ಇದು?"

"ಹೋದ ವಾರದಿಂದ ಹೀಗೇ ಕಣಮ್ಮ." ಅಪ್ಪನ ದನಿ ಕುಗ್ಗಿತ್ತು. "ನೀರು ಬೇಕಾ ಅಂದ್ರೆ 'ಬೇಡ' ಅಂತಾಳೆ. ಲೋಟ ತಗೊಂಡು ಹೋದ್ರೆ ಅಳ್ತಾಳೆ. ನನ್ನನ್ನ 'ಡಾಕ್ಟರ್' ಅಂತಾಳೆ. ಮೊನ್ನೆ ಡಾಕ್ಟರೇ ಬಂದಾಗ ಅವರನ್ನ 'ಮಗ' ಅಂದ್ಲು! ಬುದ್ಧಿ ಕೈಕೊಟ್ಟಿದೆ, ಮನೇಲಿ ನೋಡ್ಕೊಳ್ಳೋಕಾಗಲ್ಲ ಅಂದ್ಬಿಟ್ರು. ನಾಳೆ ಆರೈಕೆ ಕೇಂದ್ರದವರು ಬಂದು ಕರ್ಕೊಂಡು ಹೋಗ್ತಾರೆ."

"ನಾಳೇನಾ?!"

ತಾತ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಪಾರ್ಶ್ವವಾಯು ಅಜ್ಜಿಯ ಅರ್ಧ ಮೈಯನ್ನೂ ಪೂರ್ತಿ ಮಾತನ್ನೂ ಕಸಿದುಕೊಂಡು ಹೋಗಿತ್ತು. ಹೌದು, ಇಲ್ಲ ಎರಡಕ್ಕೂ ತಲೆ ಒಂದೇ ಥರ ಅಲುಗುತ್ತಿತ್ತು. ಉಳಿದಿದ್ದು ಈ ಹಳೇ ಟ್ಯಾಬ್ ಒಂದೇ. ಅದರಲ್ಲಿ ಮೇಲಿಂದ ಕೆಳಕ್ಕೆ ಎಡ, ನಡು, ಬಲ ಅಂತ ಮೂರು ಸಾಲು, ಸಾಲಿಗೆ ಮೂರು ಚಿತ್ರ. ಚಿತ್ರ ಒತ್ತಿದರೆ ಮಾತು. ಅದನ್ನು ಬಳಸಲು ಹೇಳಿಕೊಟ್ಟ ಆಸ್ಪತ್ರೆಯ ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಎಚ್ಚರಿಸಿದ್ದರು: "ಇನ್ಮೇಲೆ ಇದು ಅವರ ಬಾಯಿ. ಯಾರೂ ಕೈ ಹಾಕ್ಬೇಡಿ." ಮನೆಯವರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಮೊಮ್ಮಗಳಿಗೆ ಮನೆಯಲ್ಲಿ ಭೂತಗನ್ನಡಿ ಅಂತ ಹೆಸರು. ಕೀಲಿಕೈ, ಕನ್ನಡಕ, ಒಂಟಿ ಕಾಲುಚೀಲ — ಏನೇ ಕಳೆದರೂ ಪತ್ತೆ ಹಚ್ಚುವವಳು ಅವಳೇ. ಆದರೆ ಅಜ್ಜಿಯ ಬುದ್ಧಿಯೇ ಕಳೆದಿದೆ ಅಂದರೆ ಯಾವ ಮಂಚದ ಕೆಳಗೆ ಬಗ್ಗಿ ಹುಡುಕುವುದು?

ಬ್ಯಾಗನ್ನು ಅಲ್ಲೇ ಎಸೆದು ವಿಚಾರಣೆಗೆ ಕೂತಳು. ಮೊದಲು ಸಿಕ್ಕವಳು ಹಗಲು ಬರುವ ನರ್ಸಮ್ಮ.

"ಟ್ಯಾಬ್ ಬೀಳಿಸಿದ್ರಾ?"

"ಅಯ್ಯೋ, ಇಲ್ಲಮ್ಮ!"

"ಒದ್ದೆ ಬಟ್ಟೇಲಿ ಒರೆಸಿದ್ರಾ?"

"ಒಣ ಬಟ್ಟೆ. ಅದೂ ಆಫ್ ಮಾಡಿ. ನೀನೇನು ಪೊಲೀಸಾ?"

"ಅಜ್ಜಿ ಸರಿಯಾಗಿ ಹೇಳೋ ಮಾತು ಒಂದೂ ಇಲ್ವಾ?"

ನರ್ಸಮ್ಮ ಯೋಚಿಸಿದಳು. "ಯಾಕಿಲ್ಲ? ಹಸಿವಾದ್ರೆ 'ಊಟ' ಅಂತಾರೆ. ಸೆಕೆ ಆದ್ರೆ 'ಕಿಟಕಿ'. ಆಮೇಲೆ... ನಿನ್ನ ಫೋನ್ ಬಂದಾಗ 'ಮೊಮ್ಮಗಳು'. ಇವು ಮಾತ್ರ ಒಂದ್ಸಲಾನೂ ತಪ್ಪಿಲ್ಲ."

ಭೂತಗನ್ನಡಿಯ ಕಿವಿ ನೆಟ್ಟಗಾಯಿತು. ಊಟ. ಕಿಟಕಿ. ಮೊಮ್ಮಗಳು. ಟ್ಯಾಬಿನಲ್ಲಿ ಇವು ಎಲ್ಲಿದ್ದವು?

ಅಜ್ಜಿಯ ಮುಂದೆ ಮಂಡಿಯೂರಿದಳು. "ಅಜ್ಜೀ, ನಿನ್ನ ಬಾಯಿಗೆ ಒಂದೇ ಒಂದ್ಸಲ ಕೈ ಹಾಕ್ಲಾ?"

ಅಜ್ಜಿ ಟ್ಯಾಬನ್ನು ಮೆಲ್ಲಗೆ ಅವಳತ್ತ ನೂಕಿದಳು.

ಭೂತಗನ್ನಡಿ ಎಡಗಡೆಯ 'ನೀರು' ಒತ್ತಿದಳು.

"ಬೇಡ," ಅಂದಿತು ಟ್ಯಾಬ್.

ಎಡಗಡೆಯ 'ನೋವು' ಒತ್ತಿದಳು.

"ಚೆನ್ನಾಗಿದೀನಿ."

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಏನು? ನೀ ಒತ್ತಿದ್ರೂ ಹಂಗೇ ಅನ್ನುತ್ತಾ?"

"ಯಾರು ಒತ್ತಿದ್ರೂ ಅನ್ನುತ್ತೆ! ಎಡಕ್ಕೆ ಒತ್ತಿದ್ರೆ ಬಲದ್ದು, ಬಲಕ್ಕೆ ಒತ್ತಿದ್ರೆ ಎಡದ್ದು. ಮಗ ಎಡಕ್ಕೆ, ಡಾಕ್ಟರ್ ಬಲಕ್ಕೆ. ನಡುವಿನ ಸಾಲು ಮಾತ್ರ ಸರಿ — ಊಟ, ಕಿಟಕಿ, ನಾನು. ಬುದ್ಧಿ ಕೆಟ್ಟೋರು ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲ್ಲ ಅಪ್ಪ! ನೀವೆಲ್ಲ ಎದುರಿಗೆ ಕೂತು ಮಾತು ಕೇಳಿದ್ರಿ. ಪಕ್ಕದಲ್ಲಿ ಕೂತು ಬೆರಳು ನೋಡ್ಲಿಲ್ಲ."

ಅಪ್ಪ ಅಜ್ಜಿಯ ಕಾಲ ಬಳಿ ಕುಸಿದು ಕೂತ. "ನೋವು ಅಂತಾನೇ ಹೇಳ್ತಿದ್ಯಾ ಅಮ್ಮಾ? ಇಷ್ಟು ದಿನಾನೂ?"

ಭೂತಗನ್ನಡಿ ಸೆಟ್ಟಿಂಗ್ಸ್ ತೆರೆದು ನೋಡಿದಳು. ಅಂದುಕೊಂಡಂತೆಯೇ! "ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಆಗಿದೆ. ಈ ಹಳೇ ಗಾಜಿನ ಎಡ ಯಾವುದು ಬಲ ಯಾವುದು ಅಂತ ಹೊಸದಕ್ಕೆ ಗೊತ್ತಾಗ್ತಿಲ್ಲ. ಆದ್ರೆ ಇದು ತಾನಾಗೇ ಆಗಲ್ಲ. ಚಾರ್ಜಿಗೆ ಹಾಕಿರ್ಬೇಕು. ಯಾರಾದ್ರೂ ಒಪ್ಪಿಗೆ ಕೊಟ್ಟಿರ್ಬೇಕು." ಸುತ್ತ ನೋಡಿದಳು. "ಚಾರ್ಜಿಗೆ ಹಾಕೋದು ಯಾರು?"

"ನಾನು ಅದರ ಮೇಲೆ ಬೆರಳೇ ಇಟ್ಟಿಲ್ಲ," ಅಂದ ತಾತ.

"ತಾತಾ... ಬೆರಳಿನ ವಿಷ್ಯ ನಾನು ಕೇಳ್ಲೇ ಇಲ್ವಲ್ಲ?"

ತಾತ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ, ಮತ್ತೆ ಒರೆಸಿದ.

"ಒತ್ತಿದ ಎಷ್ಟೋ ಹೊತ್ತಿಗೆ ಮಾತು ಬರ್ತಿತ್ತು ಕಣೇ. ಅವಳು ಕಾಯ್ತಾ ಕೂತಿರೋದು ನೋಡೋಕಾಗ್ತಿರ್ಲಿಲ್ಲ ನಂಗೆ. ಮೊದಲು ಹೆಂಗಿದ್ಲು? ನಾನೊಂದು ಮಾತಾಡೋ ಅಷ್ಟರಲ್ಲಿ ಅವಳದ್ದು ಹತ್ತು! ಅವತ್ತು ಚಾರ್ಜಿಗೆ ಹಾಕ್ದಾಗ ಪರದೆ ಮೇಲೆ ಬಂತು — 'ನಿಮ್ಮ ಟ್ಯಾಬ್ ಇನ್ನಷ್ಟು ಚುರುಕಾಗುತ್ತದೆ, ಒಪ್ಪಿಗೆಯೇ?' ಅಂತ. ಪಟಪಟ ಅಂತ ಮಾತಾಡ್ಲಿ ಅಂತ ಒತ್ಬಿಟ್ಟೆ. ಆಮೇಲೆ ಚಿತ್ರಗಳೆಲ್ಲ ಇದ್ದಲ್ಲೇ ಇದ್ವಲ್ಲ, ಎಲ್ಲ ಸರಿ ಇದೆ ಅಂದ್ಕೊಂಡೆ..."

ಬೈಯಬೇಕೆಂದು ಬಾಯಿ ತೆರೆದ ಅಪ್ಪ ಹಾಗೇ ಮುಚ್ಚಿಕೊಂಡ.

ಹಳೇ ಸಿಸ್ಟಂ ಮತ್ತೆ ಹಾಕುವುದು ಒಂದೆರಡು ಗಂಟೆಯ ಮಾತಲ್ಲ. ಭೂತಗನ್ನಡಿಗೆ ಅಷ್ಟು ತಾಳ್ಮೆಯೂ ಇರಲಿಲ್ಲ. ಚಿತ್ರಗಳನ್ನು ಇದ್ದಲ್ಲೇ ಬಿಟ್ಟು, ಎಡಬಲದ ಧ್ವನಿಗಳನ್ನಷ್ಟೇ ಅದಲುಬದಲು ಮಾಡಿದಳು — ಬಲಕ್ಕೆ ಬೇಕಾದಾಗ ಎಡಕ್ಕೆ ಒತ್ತುತ್ತಾ, ತಪ್ಪಿದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಾ.

"ತಗೋ ಅಜ್ಜಿ. ಹೇಳು."

ಅಜ್ಜಿಯ ಬೆರಳು ಎಡಕ್ಕೆ ಇಳಿಯಿತು.

"ನೋವು."

ತಾತ ಓಡಿ ಬಂದು ಭುಜ ನೀವತೊಡಗಿದ. ನೀವುತ್ತಲೇ ಅವಳ ಕಿವಿಯ ಹತ್ತಿರ ಬಗ್ಗಿದ. "ತಪ್ಪಾಯ್ತು ಕಣೇ. ನನ್ನ ಏನು ಮಾಡಿದ್ರೆ ನಿಂಗೆ ಸಮಾಧಾನ, ಹೇಳು."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಡಾಕ್ಟರ್," ಅಂದಿತು ಟ್ಯಾಬ್.

ಅಪ್ಪನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಮತ್ತೆ ಕೆಟ್ಟೋಯ್ತಾ?"

ಭೂತಗನ್ನಡಿ ಬಗ್ಗಿ ನೋಡಿದಳು. ಬೆರಳು ಡಾಕ್ಟರ ಚಿತ್ರದ ಮೇಲೆಯೇ ಇತ್ತು. ಅಜ್ಜಿಯ ಕಣ್ಣು ತಾತನ ಬೋಳು ತಲೆಯ ಮೇಲಿತ್ತು. ಅಲುಗಬಲ್ಲ ಅರ್ಧ ತುಟಿ ಕಿವಿಯತ್ತ ಏರುತ್ತಿತ್ತು.

"ಕೆಟ್ಟಿಲ್ಲ ಅಪ್ಪ! ತಾತ ಮೊದಲು ತಲೆ ತೋರಿಸ್ಕೊಂಡು ಬರ್ಲಿ ಅಂತಿದಾಳೆ!"

ಮೊದಲು ನಕ್ಕವನು ತಾತ. ಅಪ್ಪ ಕಣ್ಣೊರೆಸಿಕೊಂಡು ಆರೈಕೆ ಕೇಂದ್ರಕ್ಕೆ ಫೋನ್ ಹಚ್ಚಿದ.

"ನಾಳೆ ಬರ್ಬೇಡಿ ಸಾರ್. ಇಲ್ಲ, ನಮ್ಮಮ್ಮಂಗೆ ಪುರುಸೊತ್ತಿಲ್ಲ. ನಮ್ಮಪ್ಪನ್ನ ಬೈಯೋದು ಬೇಕಾದಷ್ಟು ಬಾಕಿ ಇದೆ."