ಏಳನೇ ನಂಬರಿನ ಉಂಗುರ

ಮಾರ್ಚ್ ೪, ಬೆಳಿಗ್ಗೆ ೧೦.೨೦. ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥ ಠಾಣೆಗೆ ಬಂದು, ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತ. ಹೊಸ ಯಂತ್ರವನ್ನು ಯಾರೋ ಕೆಡಿಸುತ್ತಿದ್ದಾರೆ, ಮೂರು ದಿನದಿಂದ ಔಷಧ ಹಾಳು ಎಂಬುದು ದೂರು.

“ಯಂತ್ರ ಮಾಡೋದೇನು?” ಇನ್‌ಸ್ಪೆಕ್ಟರ್ ಕೇಳಿದಳು.

“ಪ್ರೋಟೀನಿಗೆ ವಿಕಿರಣ ಅಂಟಿಸುತ್ತೆ. ರೋಗಿಗೆ ಚುಚ್ಚಿದ್ರೆ ಸ್ಕ್ಯಾನಲ್ಲಿ ಗಡ್ಡೆ ಹೊಳೆಯುತ್ತೆ. ನಿಮಗೆ ಅರ್ಥ ಆಗೋದು ಕಷ್ಟ.”

“ಕಷ್ಟಪಡ್ತೀನಿ. ಮೊದಲು ಯಾರು ಮಾಡ್ತಿದ್ರು?”

“ಒಬ್ಬ ಟೆಕ್ನಿಷಿಯನ್, ಕೈಯಲ್ಲೇ. ಈಗ ಗುಂಡಿ ಒತ್ತೋಕೆ ಕೋತಿ ಆದ್ರೂ ಸಾಕು.”

ಕೋತಿಗಳ ಮುಖ್ಯಸ್ಥನೂ ಕೋತಿಯೇ ಇರಬೇಕಲ್ಲ ಎಂದುಕೊಂಡು ಆಕೆ ಎಫ್‌ಐಆರ್ ಬರೆಸಿದಳು.

೧೧.೩೦ಕ್ಕೆ ಆಸ್ಪತ್ರೆ. ಬೆಂಚಿನ ಮೇಲೆ ಒಬ್ಬ ಹೆಂಗಸು ಖಾಲಿ ಹೊಟ್ಟೆಯಲ್ಲಿ ಕುಳಿತಿದ್ದಳು. ಸ್ಕ್ಯಾನ್ ಆಗದೆ ಅವಳಿಗೆ ಆಪರೇಷನ್ ಇಲ್ಲ.

“ಮೂರನೇ ಸಲ ವಾಪಸ್ ಕಳಿಸ್ತಿದಾರೆ ಮೇಡಂ,” ಎಂದ ಅವಳ ಅಣ್ಣ. “ಸ್ವಲ್ಪ ತಡ್ಕೋ ಅಂತ ಗಡ್ಡೆಗೂ ಹೇಳ್ಲಾ?”

ವಿಕಿರಣ ಇಳಿದ ಮೇಲೆ, ೪ ಗಂಟೆಗೆ, ಯಂತ್ರವಿದ್ದ ಸೀಸದ ಪೆಟ್ಟಿಗೆ ತೆರೆಸಿ ಪಂಚನಾಮೆ. ಪ್ರೋಟೀನ್ ಹರಿಯುವ ನಳಿಕೆಯ ತಿರುಪು ಕಾಲು ಸುತ್ತು ಸಡಿಲವಾಗಿತ್ತು. ಕಂಪನಿಯ ಎಂಜಿನಿಯರ್ ಎರಡು ಸಂಜೆ ಅದನ್ನೇ ಬಿಗಿದು ಹೋಗಿದ್ದ. ಬೆಳಗಿನ ತಪಾಸಣೆಯಲ್ಲಿ ಎಲ್ಲ ಸರಿಯಿತ್ತು; ಅದು ಮುಗಿದ ಕೂಡಲೇ ವಿಕಿರಣ ತುಂಬುತ್ತಾರೆ. ಅಂದರೆ ವಿಕಿರಣ ಒಳಗಿದ್ದಾಗಲೇ ಯಾರೋ ಕೈ ಹಾಕಿದ್ದರು.

ಅಲ್ಲಿನವರೆಲ್ಲ ಬೆರಳಿಗೆ ವಿಕಿರಣ ಅಳೆಯುವ ಉಂಗುರ ಹಾಕುತ್ತಾರೆ. ಹೆಡ್ ಕಾನ್‌ಸ್ಟೇಬಲ್ ಎಂಟನ್ನೂ ಜಪ್ತಿ ಮಾಡಿ ಪರೀಕ್ಷೆಗೆ ಕಳಿಸಿದ. ಮಾರ್ಚ್ ೬, ಮಧ್ಯಾಹ್ನ ೩.೩೦ಕ್ಕೆ ವರದಿ ಬಂತು. ಏಳು ಉಂಗುರ ಸೊನ್ನೆ. ಏಳನೇ ನಂಬರಿನದು ಮಾತ್ರ ಅಲ್ಲ.

ಅದು ಎಲ್ಲರೂ ಸೀಸಣ್ಣ ಎಂದು ಕರೆಯುವ ಹಳೆಯ ಟೆಕ್ನಿಷಿಯನ್‌ನದು. ಇಪ್ಪತ್ತೆರಡು ವರ್ಷ ಸೀಸದ ಗೋಡೆಯ ಹಿಂದೆ ನಿಂತು ಕೈಯಲ್ಲೇ ಔಷಧ ಮಾಡಿದವನು. ಯಂತ್ರ ಬಂದ ಎಂಟು ತಿಂಗಳಿಂದ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ.

“ಕೆಡಿಸೋಕೆ ಹೋಗುವಾಗ್ಲೂ ಉಂಗುರ ಹಾಕ್ಕೊಂಡ್ರಾ?”

“ಹಾಕ್ದೆ ಒಳಗೆ ಕೈ ಇಡಬಾರದು ಮೇಡಂ.”

ಹೆಡ್ ಕಾನ್‌ಸ್ಟೇಬಲ್ ನಗು ತಡೆಯಲು ಕೆಮ್ಮಿದ.

“ಆ ಹೆಂಗಸು ಮೂರು ದಿನ ಉಪವಾಸ ಕೂತಿದ್ಳು. ನೋಡಿದ್ರಾ?”

“ನೋಡಿದೆ. ನನ್ನ ಕೈಗೆ ಕೊಟ್ಟಿದ್ರೆ ನಲವತ್ತು ನಿಮಿಷದ ಕೆಲಸ. ಕರೀತಾರೆ ಅಂತ ಕಾದೆ.”

“ಕರೆದ್ರಾ?”

“ಎಂಜಿನಿಯರ್‌ನ ಕರೆದ್ರು.”

ಒಬ್ಬನಿಗೆ ಗುಂಡಿಯ ಗರ್ವ, ಇನ್ನೊಬ್ಬನಿಗೆ ಕೈಯ ಗರ್ವ, ಹಸಿದದ್ದು ಮೂರನೆಯವಳು. ಇನ್‌ಸ್ಪೆಕ್ಟರ್‌ಗೆ ಇಬ್ಬರ ಮೇಲೂ ಹೇಸಿಗೆಯಾಯಿತು.

೪.೧೦ಕ್ಕೆ ಬಂಧನ. ಆ ಹೊತ್ತಿಗೆ ಹೆಂಗಸಿನ ಸ್ಕ್ಯಾನ್ ಮುಗಿದಿತ್ತು; ಬೆಳಿಗ್ಗೆ ಯಂತ್ರ ಸರಿಯಾಗಿಯೇ ಕೆಲಸ ಮಾಡಿತ್ತು. ಸೀಸಣ್ಣ ಅದನ್ನು ಕೇಳಿ ತಲೆಯಾಡಿಸಿದ. ಜೀಪು ಹತ್ತುವ ಮೊದಲು, ಬದಲಿಗೆಂದು ಕೊಟ್ಟಿದ್ದ ಹೊಸ ಉಂಗುರ ಕಳಚಿ ಇನ್‌ಸ್ಪೆಕ್ಟರ್ ಅಂಗೈಯಲ್ಲಿಟ್ಟ.

“ಇದರಲ್ಲಿ ಏನೂ ಇಲ್ಲ ಮೇಡಂ,” ಎಂದ. “ಎಂಟು ತಿಂಗಳಿಂದ ಹಳೇದೂ ಹೀಗೇ ಇತ್ತು.”